ಹಗ್ಗ ಹಿಡಿದ ಕೈ: ಒಂದೇ ಉಸಿರಿನಲ್ಲಿ ಕಡಲಿಗಿಳಿದವರ ಚರಿತ್ರೆ

ಕುರುಕ್ಷೇತ್ರ ಯುದ್ಧ ಮುಗಿಯುವ ಹೊತ್ತಿಗೆ ದುರ್ಯೋಧನ ವೈಶಂಪಾಯನ ಸರೋವರಕ್ಕಿಳಿದು, ಜಲಸ್ತಂಭನ ವಿದ್ಯೆಯ ಬಲದಿಂದ ನೀರಿನೊಳಗೇ ಅಡಗಿ ಕುಳಿತ ಕಥೆ ನಿಮಗೆ ತಿಳಿದೇ ಇದೆ. ಅವನಿಗೆ ಮಂತ್ರದ ನೆರವಿತ್ತು. ನಮಗೆ ನಿಮಗೆ ಇರುವುದು ಎದೆಯಲ್ಲಿ ಹಿಡಿಸುವಷ್ಟು ಗಾಳಿ ಮಾತ್ರ. ಅದರ ಬೆಲೆ ಎಷ್ಟೆಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ. ನೀರಿನ ಬಳಿ ಹೋಗಬೇಡಿ, ಕುರ್ಚಿಯಲ್ಲೇ ಕುಳಿತುಕೊಳ್ಳಿ. ಒಮ್ಮೆ ಸಹಜವಾಗಿ ಉಸಿರೆಳೆದು ಮೂಗು ಹಿಡಿದು ಗಡಿಯಾರ ನೋಡಿ. ಅರ್ಧ ನಿಮಿಷ ಸುಲಭವಾಗಿ ಕಳೆಯುತ್ತದೆ. ಮುಕ್ಕಾಲು ನಿಮಿಷಕ್ಕೆ ಎದೆಯಲ್ಲಿ ತಳಮಳ ಶುರುವಾಗುತ್ತದೆ. ಒಂದು ನಿಮಿಷದ ಸುಮಾರಿಗೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಈಗ ಹೇಳಿ, ನಿಮ್ಮ ಬಾಯಿ ತೆರೆಸಿದ್ದು ಯಾವುದು? ಆಕ್ಸಿಜನ್ ಮುಗಿದದ್ದು ಎಂದು ಬಹುತೇಕ ಎಲ್ಲರೂ ಉತ್ತರಿಸುತ್ತಾರೆ. ಆ ಉತ್ತರ ತಪ್ಪು. ನಿಮ್ಮ ರಕ್ತದಲ್ಲಿ ಆಗ ಬೇಕಾದಷ್ಟು ಆಕ್ಸಿಜನ್ ಉಳಿದಿತ್ತು. ಒಳಗೆ ಸೇರಿಕೊಳ್ಳುತ್ತಿದ್ದ ಕಾರ್ಬನ್ ಡೈಆಕ್ಸೈಡ್ ನಿಮ್ಮನ್ನು ಉಸಿರಾಡಲು ಒತ್ತಾಯಿಸಿತು. ಉಸಿರಾಟದ ವೇಗವನ್ನು ಸಾಮಾನ್ಯ ಸ್ಥಿತಿಯಲ್ಲಿ ನಿಯಂತ್ರಿಸುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಎಂಬುದನ್ನು ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ 1905ರಲ್ಲೇ ತೋರಿಸಿಕೊಟ್ಟರು. ಈ ಚಿಕ್ಕ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಉಸಿರು ಬಿಗಿಹಿಡಿದು ಈಟಿಯಿಂದ ಮೀನು ಬೇಟೆಯಾಡುವವರ ಚರಿತ್ರೆಯಲ್ಲಿ ನೂರಾರು ಜೀವಗಳು ಹೋದದ್ದು ಇದನ್ನು ತಿಳಿಯದೆ.

ಕಲ್ಲು, ಹಗ್ಗ ಮತ್ತು ಜೊತೆಗಾರ

ಉಸಿರು ಹಿಡಿದು ಮುಳುಗುವುದು ಆಟವಾಗುವುದಕ್ಕೆ ಮೊದಲು ಸಾವಿರಾರು ವರ್ಷ ಹೊಟ್ಟೆಪಾಡಿನ ಕಸುಬಾಗಿತ್ತು. ಗ್ರೀಸಿನ ದ್ವೀಪಗಳವರು ಸಮುದ್ರದ ತಳದಿಂದ ಸ್ಪಂಜು ತೆಗೆಯುತ್ತಿದ್ದರು. ಅವರ ಕಿವಿಗೆ ಆಗುವ ತೊಂದರೆಗಳ ವಿಚಾರ ಅರಿಸ್ಟಾಟಲನ ಹೆಸರಿನಲ್ಲಿರುವ ಬರಹಗಳಲ್ಲೇ ಬರುತ್ತದೆ. ಅವರ ಮುಖ್ಯ ಉಪಕರಣ ಒಂದು ಚಪ್ಪಟೆ ಕಲ್ಲು. ಅದನ್ನು ಎರಡೂ ಕೈಗಳಿಂದ ಮುಂದೆ ಹಿಡಿದು ಹಾರಿದರೆ ಅದರ ಭಾರವೇ ಕೆಳಕ್ಕೆ ಒಯ್ಯುತ್ತದೆ. ಕಲ್ಲನ್ನು ತುಸು ಓರೆ ಮಾಡಿದರೆ ದಿಕ್ಕು ಬದಲಾಗುತ್ತದೆ. ಕಲ್ಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿರುವ ಜೊತೆಗಾರನ ಕೈಯಲ್ಲಿರುತ್ತದೆ. ಇಟಲಿಯ ಯುದ್ಧನೌಕೆ ‘ರೆಜಿನಾ ಮಾರ್ಗೆರಿಟಾ’ 1913ರಲ್ಲಿ ಕಾರ್ಪಥೋಸ್ ದ್ವೀಪದ ಬಳಿ ಲಂಗರು ಕಳೆದುಕೊಂಡಾಗ ಅದನ್ನು ಹುಡುಕಿಕೊಟ್ಟವನು ಹಾಗೆ ಕಲ್ಲು ಹಿಡಿದು ಇಳಿದ ಸ್ಪಂಜು ಮುಳುಗುಗಾರ ಸ್ಟಾಥಿಸ್ ಹಾಟ್ಜಿಸ್.

ನಮ್ಮ ದೇಶದ ಉದಾಹರಣೆ ಬೇಕಾದರೆ ಮನ್ನಾರ್ ಕೊಲ್ಲಿಗೆ ಬನ್ನಿ. ತೂತ್ತುಕುಡಿ ಮತ್ತು ಸಿಂಹಳದ ನಡುವಿನ ಮುತ್ತಿನ ದಂಡೆಗಳ ಬಗ್ಗೆ 13ನೇ ಶತಮಾನದ ಯಾತ್ರಿಕ ಮಾರ್ಕೊ ಪೋಲೊ ಬರೆದಿದ್ದಾನೆ. ದೊಡ್ಡ ಮೀನುಗಳು ಕಚ್ಚದಂತೆ ಮಂತ್ರ ಹಾಕಲು ವ್ಯಾಪಾರಿಗಳು ಮಂತ್ರವಾದಿಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರಂತೆ. ಇಲ್ಲಿಯೂ ಕಲ್ಲು ಮತ್ತು ಹಗ್ಗ ಬಳಕೆಯಲ್ಲಿದ್ದವು. ಮುಳುಗುವವನು ಕಲ್ಲಿನ ಮೇಲಿನ ಕುಣಿಕೆಗೆ ಕಾಲು ಕೊಟ್ಟು ಇಳಿಯುತ್ತಿದ್ದ. ತಳದಲ್ಲಿ ಕಲ್ಲನ್ನು ಬಿಟ್ಟು ಕೈಗೆ ಸಿಕ್ಕ ಚಿಪ್ಪುಗಳನ್ನು ಬಲೆಬುಟ್ಟಿಗೆ ತುಂಬಿ ಹಗ್ಗ ಜಗ್ಗುತ್ತಿದ್ದ. ದೋಣಿಯಲ್ಲಿದ್ದವನು ಮೇಲೆಳೆಯುತ್ತಿದ್ದ. ಒಂದು ಕಲ್ಲಿಗೆ ಇಬ್ಬರು ಮುಳುಗುಗಾರರು ಇರುತ್ತಿದ್ದರು ಎಂಬುದನ್ನು ಗಮನಿಸಿ. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲೆ ಸುಧಾರಿಸಿಕೊಳ್ಳುತ್ತಿದ್ದ.

ಜಪಾನಿನ ‘ಆಮಾ’ ಮತ್ತು ಕೊರಿಯದ ಜೆಜು ದ್ವೀಪದ ‘ಹೆನ್ಯೊ’ ಎಂಬ ಮುಳುಗುಗಾರರು ಹೆಂಗಸರು. ಚಿಪ್ಪುಜೀವಿ, ಕಡಲಪಾಚಿಗಳನ್ನು ಸಂಗ್ರಹಿಸುವುದು ಅವರ ಕಸುಬು. ಆಳಕ್ಕಿಳಿಯುವ ಆಮಾಳ ಸೊಂಟಕ್ಕೆ ಹಗ್ಗವಿರುತ್ತಿತ್ತು. ಅದನ್ನು ಹಿಡಿದು ದೋಣಿಯಲ್ಲಿ ಕೂರುತ್ತಿದ್ದವನು ಸಾಮಾನ್ಯವಾಗಿ ಅವಳ ಗಂಡ. 1960ರ ದಶಕದಲ್ಲಿ ಕೊರಿಯದ ಸುಕ್ ಕಿ ಹಾಂಗ್ ಮತ್ತು ಅಮೆರಿಕದ ಹರ್ಮನ್ ರಾನ್ ಎಂಬ ಶರೀರಕ್ರಿಯಾ ವಿಜ್ಞಾನಿಗಳು ಇವರನ್ನು ಅಧ್ಯಯನ ಮಾಡಿದರು. ಹಗ್ಗವಿಲ್ಲದೆ ಐದಾರು ಮೀಟರ್ ಇಳಿಯುವವರು ಸುಮಾರು ಅರ್ಧ ನಿಮಿಷ ನೀರಿನೊಳಗೂ ಅಷ್ಟೇ ಹೊತ್ತು ಮೇಲೂ ಇರುತ್ತಿದ್ದರು. ಸಹಾಯಕನೊಡನೆ 20 ಮೀಟರ್ ಇಳಿಯುವವರಿಗೆ ಕೆಳಗೊಂದು ನಿಮಿಷ, ಮೇಲೊಂದು ನಿಮಿಷ. ದೀರ್ಘ ಕಾಲ ಮುಳುಗುವ ಸ್ಪರ್ಧೆ ಅವರಲ್ಲಿರಲಿಲ್ಲ. ಎದೆ ಬಿರಿಯುವಂತೆ ಗಾಳಿ ತುಂಬಿಕೊಳ್ಳುತ್ತಲೂ ಇರಲಿಲ್ಲ. ಅಷ್ಟಾಗಿಯೂ ಅವರು ಎಪ್ಪತ್ತರ ವಯಸ್ಸಿನವರೆಗೆ ಕೆಲಸ ಮಾಡುತ್ತಿದ್ದರು. ಹೆನ್ಯೊ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಎಲ್ಲ ಕಡೆಯ ಕಸುಬುಗಾರರಲ್ಲಿ ಸಮಾನವಾಗಿದ್ದುದನ್ನು ನೀವು ಗುರುತಿಸಿರಬಹುದು. ಬೆತ್ತಲೆ ಕಣ್ಣು, ಬರಿಗಾಲು, ಒಂದು ಕಲ್ಲು; ಇವುಗಳ ಜೊತೆಗೆ ಮೇಲೊಬ್ಬ ಕಾಯುವವನು. ಉಪಕರಣಗಳು ಸುಧಾರಿಸಿದಂತೆ ಬಿಟ್ಟುಹೋದದ್ದು ಈ ಕೊನೆಯದು.

ಕಣ್ಣಿಗೆ ಗಾಜು ಬಂತು

ನೀರಿನೊಳಗೆ ಕಣ್ಣು ಬಿಟ್ಟರೆ ಎಲ್ಲವೂ ಮಸುಕು. ಕಾರಣ ಸರಳ. ನಮ್ಮ ಕಣ್ಣಿನ ಬೆಳಕು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಮಾಡುವುದು ಹೊರಗಿನ ಕಾರ್ನಿಯ. ಗಾಳಿಯಿಂದ ಕಾರ್ನಿಯಕ್ಕೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ಆದರೆ ನೀರಿನ ವಕ್ರೀಭವನಾಂಕ 1.33, ಕಾರ್ನಿಯದ್ದು ಸುಮಾರು 1.38. ಎರಡೂ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಬೆಳಕು ಬಾಗುವುದೇ ಇಲ್ಲ. ಥಾಯ್ಲೆಂಡ್ ತೀರದ ಮೋಕೆನ್ ಜನರ ಮಕ್ಕಳು ಕಣ್ಣಿನ ಪಾಪೆಯನ್ನು ಬಲವಾಗಿ ಕಿರಿದುಗೊಳಿಸಿ, ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸೂಕ್ಷ್ಮವಾಗಿ ನೀರಿನೊಳಗೆ ನೋಡಬಲ್ಲರೆಂದು ಸ್ವೀಡನ್ನಿನ ಅನ್ನಾ ಗಿಸ್ಲೆನ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಉಳಿದವರಿಗೆ ಕಣ್ಣಿನ ಮುಂದೆ ಸ್ವಲ್ಪ ಗಾಳಿ, ಅದರ ಮುಂದೆ ಗಾಜು ಬೇಕು.

19ನೇ ಶತಮಾನದ ಕೊನೆಯ ವೇಳೆಗೆ ಜಪಾನಿನ ಮೀನುಗಾರರಲ್ಲಿ ಮುಳುಗು ಕನ್ನಡಕ ಬಳಕೆಗೆ ಬಂದಿತ್ತು. ಮರವನ್ನು ಕಣ್ಣಿನ ಗುಳಿಗೆ ಸರಿಯಾಗಿ ಕೊರೆದು ಗಾಜು ಕೂರಿಸಿದ ಇಂಥ ಕನ್ನಡಕಗಳನ್ನು ಪೆಸಿಫಿಕ್ ಮತ್ತು ಆಗ್ನೇಯ ಏಷ್ಯದ ಈಟಿ ಮೀನುಗಾರರೂ ಬಳಸಿದರು. ಇಂಡೊನೇಷ್ಯದ ಬಜಾವು ಜನ ಇಂದಿಗೂ ಮರದ ಕನ್ನಡಕ ತೊಟ್ಟು, ಕೈಯಲ್ಲಿ ಮಾಡಿದ ಮರದ ಈಟಿಬಂದೂಕು ಹಿಡಿದು ಬೇಟೆಯಾಡುತ್ತಾರೆ. ಅವರ ಗುಲ್ಮ, ನೆರೆಯ ಸಾಲುವಾನ್ ಜನರದಕ್ಕಿಂತ ಸುಮಾರು ಶೇ. 50ರಷ್ಟು ದೊಡ್ಡದೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಗುಲ್ಮವು ಕೆಂಪು ರಕ್ತಕಣಗಳ ಉಗ್ರಾಣ. ಮುಳುಗಿದಾಗ ಅದು ಸಂಕುಚಿಸಿ ಹೆಚ್ಚುವರಿ ಕಣಗಳನ್ನು ರಕ್ತಕ್ಕೆ ಬಿಡುತ್ತದೆ.

ಗಾಜು ಬಂದೊಡನೆ ಹೊಸದೊಂದು ತೊಂದರೆಯೂ ಬಂತು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ದೇಹದ ಒಳಗಿನ ಒತ್ತಡವೂ ಅದಕ್ಕೆ ಸರಿಯಾಗಿ ಏರುತ್ತದೆ. ಗಟ್ಟಿ ಕನ್ನಡಕದೊಳಗಿನ ಗಾಳಿ ಮಾತ್ರ ಮೇಲ್ಮೈಯ ಒತ್ತಡದಲ್ಲೇ ಉಳಿಯುತ್ತದೆ. ಆಗ ಕಣ್ಣಿನ ಸೂಕ್ಷ್ಮ ರಕ್ತನಾಳಗಳು ಉಬ್ಬಿ ಒಡೆಯುತ್ತವೆ. ಇದಕ್ಕೆ ಆಮಾಗಳು ಕಂಡುಕೊಂಡ ಉಪಾಯ ಸೊಗಸಾದದ್ದು. ಕನ್ನಡಕದ ಎರಡೂ ಬದಿಗೆ ರಬ್ಬರಿನ ಪುಟ್ಟ ಬುಡ್ಡಿಗಳನ್ನು ಜೋಡಿಸಿದರು. ಆಳಕ್ಕೆ ಹೋದಂತೆ ನೀರೇ ಬುಡ್ಡಿಯನ್ನು ಹಿಂಡಿ ಗಾಳಿಯನ್ನು ಕನ್ನಡಕಕ್ಕೆ ತಳ್ಳುತ್ತದೆ. ಅದಕ್ಕಿಂತ ಸುಲಭವಾದ ಪರಿಹಾರ ಮೂಗನ್ನೂ ಒಳಗೆ ಸೇರಿಸಿಕೊಂಡ ಒಂಟಿ ಗಾಜಿನ ಮುಖವಾಡ. ಫ್ರಾನ್ಸಿನ ಮ್ಯಾಕ್ಸಿಮ್ ಫೋರ್ಜೊ 1938ರ ಸುಮಾರಿಗೆ ಇಂಥದಕ್ಕೆ ಪೇಟೆಂಟ್ ಪಡೆದ. ಮೂಗಿನಿಂದ ತುಸು ಗಾಳಿ ಬಿಟ್ಟರೆ ಸಾಕು, ಒತ್ತಡ ಸರಿಹೋಗುತ್ತದೆ. ಈಜುಕೊಳದಲ್ಲಿ ಬಳಸುವ ಸಾಧಾರಣ ಕನ್ನಡಕ ಹಾಕಿಕೊಂಡು ಏಕೆ ಆಳಕ್ಕೆ ಹೋಗಬಾರದು ಎಂಬುದು ಈಗ ನಿಮಗೆ ತಿಳಿಯಿತಲ್ಲವೆ?

ಕಾಲಿಗೆ ರೆಕ್ಕೆ, ಕೈಗೆ ಬಂದೂಕು

ಈಟಿ ಬೇಟೆ ಆಧುನಿಕ ಕ್ರೀಡೆಯಾಗಿ ರೂಪುಗೊಂಡದ್ದು 1920–30ರ ದಶಕಗಳಲ್ಲಿ, ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ. ಅಲ್ಲಿ ನೆಲೆಸಿದ್ದ ಅಮೆರಿಕದ ಲೇಖಕ, ವಿಮಾನ ಚಾಲಕ ಗೈ ಗಿಲ್‌ಪ್ಯಾಟ್ರಿಕ್ ತನ್ನ ಹಳೆಯ ವಿಮಾನ ಚಾಲಕರ ಕನ್ನಡಕದ ಸಂದುಗಳಿಗೆ ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಕೈಈಟಿ ಹಿಡಿದು ನೀರಿಗಿಳಿದ. ಈ ಹವ್ಯಾಸದ ಕುರಿತು ಅವನು ಬರೆದ ‘ದಿ ಕಂಪ್ಲೀಟ್ ಗಾಗ್ಲರ್’ ಪುಸ್ತಕ 1938ರಲ್ಲಿ ಪ್ರಕಟವಾಯಿತು. ಅದೇ ತೀರದಲ್ಲಿ, ತೂಲೋನ್ ಬಳಿ, 1936ರಲ್ಲಿ ಜಾಕ್ ಕೂಸ್ಟೊ ಎಂಬ ತರುಣ ನೌಕಾಧಿಕಾರಿ ಮೊದಲ ಬಾರಿಗೆ ಮುಳುಗು ಕನ್ನಡಕ ಹಾಕಿಕೊಂಡು ಸಮುದ್ರದೊಳಗೆ ನೋಡಿದ. ಮುಂದೆ 1943ರಲ್ಲಿ ಎಮಿಲ್ ಗಾನ್ಯಾನ್ ಜೊತೆಗೂಡಿ ಅವನು ರೂಪಿಸಿದ ‘ಆಕ್ವಾಲಂಗ್’ ಉಪಕರಣದಿಂದ ಇಂದಿನ ಸ್ಕೂಬಾ ಬೆಳೆಯಿತು.

ಈಜುರೆಕ್ಕೆಯ ಕಲ್ಪನೆ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ ಬಾಲ್ಯದಲ್ಲೇ ಚಿತ್ರಕಾರರ ಬಣ್ಣದ ಹಲಗೆಯಂಥ ಹಲಗೆಗಳನ್ನು ಕೈಗೆ ಸಿಕ್ಕಿಸಿಕೊಂಡು ಈಜಿದ್ದ. ಕೆಲಸಕ್ಕೆ ಬರುವ ರಬ್ಬರಿನ ಕಾಲುರೆಕ್ಕೆಗೆ 1933ರಲ್ಲಿ ಪೇಟೆಂಟ್ ಪಡೆದವನು ಫ್ರೆಂಚ್ ನೌಕಾಧಿಕಾರಿ ಲೂಯಿ ದ ಕಾರ್ಲ್ಯೂ. ದೇಹದ ಅತಿ ಬಲವಾದ ಸ್ನಾಯುಗಳಿರುವುದು ತೊಡೆಯಲ್ಲಿ. ಅಗಲವಾದ ರೆಕ್ಕೆ ಆ ಬಲವನ್ನು ನಿಧಾನವಾಗಿ, ಹೆಚ್ಚು ನೀರಿನ ಮೇಲೆ ಪ್ರಯೋಗಿಸುತ್ತದೆ. ಕಡಿಮೆ ಆಕ್ಸಿಜನ್ ಖರ್ಚಿನಲ್ಲಿ ಹೆಚ್ಚು ದೂರ ಹೋಗಬಹುದು, ಕೈಗಳೂ ಬಿಡುವಾಗುತ್ತವೆ.

ಬಿಡುವಾದ ಕೈಗೆ ಬಂದೂಕು ಬಂತು. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚಾದ್ದರಿಂದ ಹಗುರವಾದ ಗುಂಡು ನೀರಿನಲ್ಲಿ ಬೇಗ ನಿಂತುಬಿಡುತ್ತದೆ. ಉದ್ದ, ಸಪೂರ, ಭಾರವಾದ ಉಕ್ಕಿನ ಸರಳು ಮಾತ್ರ ಕೆಲವು ಮೀಟರ್ ನೇರವಾಗಿ ಹೋಗಬಲ್ಲದು. ನೀಸ್ ನಗರದಲ್ಲಿದ್ದ ರಷ್ಯನ್ ವಲಸಿಗ ಅಲೆಕ್ ಕ್ರಮರೆಂಕೊ 1930ರ ದಶಕದಲ್ಲಿ ಸುರುಳಿ ಸ್ಪ್ರಿಂಗಿನ ಈಟಿಬಂದೂಕು ಮಾಡಿದ. ಕೊನೆಗೆ ಹೆಚ್ಚು ಜನಪ್ರಿಯವಾದದ್ದು ಎಳೆದು ಸಿಕ್ಕಿಸುವ ರಬ್ಬರಿನ ಬಂದೂಕು. ಮಾರ್ಸೆಲ್ ನಗರದ ಜಾರ್ಜ್ ಬೂಶಾ 1947ರಲ್ಲಿ ಅಂಥದನ್ನು ಮಾರುಕಟ್ಟೆಗೆ ತಂದ. ನಮ್ಮ ಹುಡುಗರ ಕವಣೆಯ ತತ್ತ್ವವೇ ಇಲ್ಲಿಯೂ ಇದೆ. ಎಳೆದ ರಬ್ಬರಿನಲ್ಲಿ ಕೂಡಿದ ಶಕ್ತಿ, ಕುದುರೆ ಒತ್ತಿದಾಗ ಸರಳಿನ ಚಲನೆಯಾಗುತ್ತದೆ. ಸರಳಿನ ತುದಿಗೆ ಮೀನು ಕಳಚಿಕೊಳ್ಳದಂತೆ ಮಡಚುವ ಮುಳ್ಳು, ಹಿಂದಕ್ಕೆ ದಾರ. ಸ್ಪ್ರಿಂಗಿನಂತೆ ತುಕ್ಕು ಹಿಡಿಯದ, ಸದ್ದು ಮಾಡದ ಈ ಸಾಧನವೇ ಇಂದಿಗೂ ಬಳಕೆಯಲ್ಲಿದೆ.

ಉಳಿದದ್ದು ಚಳಿ. ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಗಾಳಿಗುಳ್ಳೆಗಳು ತುಂಬಿದ ನಿಯೋಪ್ರೀನ್ ರಬ್ಬರಿನ ಉಡುಪನ್ನು ರೂಪಿಸಿದ. ಕೊರಿಯದ ಹೆನ್ಯೊಗಳು ಹತ್ತಿಯ ಬಟ್ಟೆಯಲ್ಲೇ ಚಳಿಗಾಲದ 10 ಡಿಗ್ರಿ ಸೆಲ್ಸಿಯಸ್ ನೀರಿಗಿಳಿಯುತ್ತಿದ್ದ ಕಾಲದಲ್ಲಿ ಅವರ ದೇಹದ ಮೂಲ ಚಯಾಪಚಯ ದರವೇ ಏರುತ್ತಿತ್ತು. 1970ರ ದಶಕದಲ್ಲಿ ನಿಯೋಪ್ರೀನ್ ಉಡುಪು ತೊಡಲಾರಂಭಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಆ ಹೊಂದಾಣಿಕೆ ಮಾಯವಾಯಿತು. ಉಪಕರಣ ನಮಗೆ ಏನನ್ನೋ ಕೊಡುವಾಗ ಇನ್ನೇನನ್ನೋ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹೀಗೆ ಎರಡು ದಶಕಗಳೊಳಗೆ ಕಣ್ಣು, ಕಾಲು, ಕೈ, ಚರ್ಮ ನಾಲ್ಕಕ್ಕೂ ನೆರವು ಒದಗಿತು. ಕಲ್ಲು ಹೋಯಿತು, ಅದರ ಜೊತೆಗೆ ಹಗ್ಗವೂ ಹೋಯಿತು. ಬೇಟೆಗಾರ ಒಬ್ಬನೇ ತನಗೆ ಬೇಕಾದಲ್ಲಿಗೆ ಈಜಿಕೊಂಡು ಹೋಗಬಲ್ಲವನಾದ.

ಎದೆಗೂಡು ಕುಸಿಯಲಿಲ್ಲ

ಎಷ್ಟು ಆಳಕ್ಕೆ ಹೋಗಬಹುದು? 20ನೇ ಶತಮಾನದ ಮಧ್ಯದಲ್ಲಿ ವಿಜ್ಞಾನಿಗಳ ಲೆಕ್ಕ ಹೀಗಿತ್ತು. ಶ್ವಾಸಕೋಶದ ಪೂರ್ಣ ಗಾತ್ರ 6 ಲೀಟರ್ ಎಂದುಕೊಳ್ಳಿ. ಬಾಯ್ಲ್ ನಿಯಮದಂತೆ 10 ಮೀಟರ್ ಆಳದಲ್ಲಿ ಅದು 3 ಲೀಟರ್, 20 ಮೀಟರಿನಲ್ಲಿ 2 ಲೀಟರ್, 30 ಮೀಟರಿನಲ್ಲಿ ಒಂದೂವರೆ ಲೀಟರ್. ಪೂರ್ತಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಅಷ್ಟೇ. ಅದಕ್ಕಿಂತ ಕಿರಿದಾಗಲು ಎದೆಗೂಡಿಗೆ ಸಾಧ್ಯವಿಲ್ಲ. ಆದ್ದರಿಂದ 30 ಮೀಟರ್ ದಾಟಿದವನ ಎದೆ ಕುಸಿಯಬೇಕು.

ಇಟಲಿಯ ವಾಯುಪಡೆಯ ಅಧಿಕಾರಿ, ಈಟಿ ಬೇಟೆಗಾರ ರೈಮೊಂಡೊ ಬೂಕರ್ 1949ರಲ್ಲಿ ಕಾಪ್ರಿ ದ್ವೀಪದ ಬಳಿ ಪಣಕಟ್ಟಿ ಸುಮಾರು 30 ಮೀಟರ್ ಇಳಿದು ಸುರಕ್ಷಿತವಾಗಿ ಬಂದ. 1960ರ ದಶಕದ ಆರಂಭದಲ್ಲಿ ಎಂಜೊ ಮಾಯೋರ್ಕಾ 50 ಮೀಟರ್ ದಾಟಿದ. ಅಮೆರಿಕದ ನೌಕಾಪಡೆಯ ರಾಬರ್ಟ್ ಕ್ರಾಫ್ಟ್ 1968ರಲ್ಲಿ 73 ಮೀಟರ್, ಫ್ರಾನ್ಸಿನ ಜಾಕ್ ಮಯೋಲ್ 1976ರಲ್ಲಿ 100 ಮೀಟರ್ ತಲುಪಿದರು. ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು? ಕ್ರಾಫ್ಟ್‌ನನ್ನು ಪರೀಕ್ಷಿಸಿದ ಕಾರ್ಲ್ ಶೇಫರ್ ಮತ್ತು ಸಂಗಡಿಗರು 1968ರಲ್ಲಿ ಉತ್ತರ ಕೊಟ್ಟರು. ಆಳದಲ್ಲಿ ಕೈಕಾಲು, ಹೊಟ್ಟೆಯ ಭಾಗಗಳಿಂದ ಸುಮಾರು ಒಂದು ಲೀಟರಿನಷ್ಟು ರಕ್ತ ಎದೆಯೊಳಕ್ಕೆ ಸರಿದು ಖಾಲಿ ಜಾಗವನ್ನು ತುಂಬುತ್ತದೆ. ಜೊತೆಗೆ ಮುಖಕ್ಕೆ ತಣ್ಣೀರು ತಾಗಿದಾಗ ಹೃದಯದ ಬಡಿತ ನಿಧಾನವಾಗುತ್ತದೆ. ಮುಳುಗಿದ ಬಾತುಕೋಳಿಯಲ್ಲಿ ಇದನ್ನು ಫ್ರಾನ್ಸಿನ ಪಾಲ್ ಬೆರ್ 1870ರಲ್ಲೇ ಗಮನಿಸಿದ್ದ.

ಈ ದಾಖಲೆಗಳು ಪತ್ರಿಕೆಗಳಲ್ಲಿ ಮೆರೆಯುತ್ತಿದ್ದಾಗ, ಹತ್ತಿಪ್ಪತ್ತು ಮೀಟರಿನಲ್ಲಿ, ಎಷ್ಟೋ ವೇಳೆ ಕೇವಲ ಎದೆಮಟ್ಟದ ನೀರಿನಲ್ಲಿ, ಒಳ್ಳೆಯ ಈಜುಗಾರರು ಸಾಯುತ್ತಿದ್ದರು. ಅವರ ಎದೆ ಕುಸಿದಿರಲಿಲ್ಲ. ಅವರು ಒದ್ದಾಡಿಯೂ ಇರಲಿಲ್ಲ.

ಸದ್ದಿಲ್ಲದ ಸಾವು

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಕ್ರೇಗ್ 1961ರಲ್ಲಿ ಇಂಥ ಪ್ರಕರಣಗಳ ಬೆನ್ನು ಹತ್ತಿದ. ನೀರಿನೊಳಗೆ ಪ್ರಜ್ಞೆ ತಪ್ಪಿ ಬದುಕುಳಿದವರು ಹೇಳಿದ ಸಂಗತಿಗಳಲ್ಲಿ ಸಾಮ್ಯ ಕಂಡುಬಂತು. ಮುಳುಗುವ ಮುನ್ನ ಅವರು ಬೇಗಬೇಗ ಆಳವಾಗಿ ಉಸಿರಾಡಿದ್ದರು. ಮುಟ್ಟಬೇಕಾದ ಒಂದು ಗುರಿ ಅವರ ಮುಂದಿತ್ತು. ಉಸಿರಿಗಾಗಿ ಹಪಹಪಿಸಿದ ನೆನಪು ಅವರಿಗೆ ಇರಲಿಲ್ಲ. 1976ರ ಹೊತ್ತಿಗೆ ಅವನು ಇಂಥ 58 ಪ್ರಕರಣಗಳನ್ನು ಕಲೆಹಾಕಿದ್ದ.

ಲೇಖನದ ಮೊದಲಿನ ಪ್ರಯೋಗವನ್ನು ಈಗ ನೆನಪಿಸಿಕೊಳ್ಳಿ. ಉಸಿರಾಡು ಎಂದು ಎಚ್ಚರಿಸುವ ಗಂಟೆ ಕಾರ್ಬನ್ ಡೈಆಕ್ಸೈಡ್. ಬೇಗಬೇಗ ಉಸಿರಾಡಿದರೆ ಈ ಅನಿಲ ದೇಹದಿಂದ ಹೊರಟುಹೋಗುತ್ತದೆ. ಆಕ್ಸಿಜನ್ ಮಾತ್ರ ಹೆಚ್ಚು ಸೇರುವುದಿಲ್ಲ, ಏಕೆಂದರೆ ಆರೋಗ್ಯವಂತರ ರಕ್ತದ ಹೀಮೋಗ್ಲೋಬಿನ್ ಆಗಲೇ ಶೇ. 97ರ ಸುಮಾರಿಗೆ ತುಂಬಿರುತ್ತದೆ. ಅಂದರೆ ನೀವು ಉಗ್ರಾಣವನ್ನು ದೊಡ್ಡದು ಮಾಡಲಿಲ್ಲ, ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಿರಿ. ಗಂಟೆ ಬಾರಿಸುವ ಮೊದಲೇ ಮಿದುಳಿಗೆ ಆಕ್ಸಿಜನ್ ಮುಗಿಯುತ್ತದೆ.

ಆಳಕ್ಕೆ ಹೋಗುವವರಿಗೆ ಇದರ ಮೇಲೆ ಇನ್ನೊಂದು ಬಲೆ ಕಾದಿದೆ. ಇದನ್ನು ವಿವರಿಸಿದವರು ಎಡ್ವರ್ಡ್ ಲ್ಯಾನ್‌ಫಿಯರ್ ಮತ್ತು ಹರ್ಮನ್ ರಾನ್, 1963ರಲ್ಲಿ. ರಕ್ತಕ್ಕೆ ಆಕ್ಸಿಜನ್ ಸೇರುವುದು ಅದರ ಆಂಶಿಕ ಒತ್ತಡದ ಮೇಲೆ ಅವಲಂಬಿಸಿದೆ. ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಇದು ಪಾದರಸದ 100 ಮಿಲಿಮೀಟರಿನಷ್ಟು. ಒಬ್ಬ ಬೇಟೆಗಾರ 20 ಮೀಟರ್ ಆಳದಲ್ಲಿ ಬಂಡೆಯ ಸಂದಿನ ಮೀನಿಗಾಗಿ ಕಾಯುತ್ತ, ಎದೆಯ ಗಾಳಿಯಲ್ಲಿ ಆಕ್ಸಿಜನ್ ಕೇವಲ ಶೇ. 4 ಉಳಿಯುವವರೆಗೆ ನಿಂತನೆನ್ನಿ. ಅಲ್ಲಿ ಒಟ್ಟು ಒತ್ತಡ ಮೂರು ವಾಯುಮಂಡಲ, ಅಂದರೆ 2280 ಮಿಲಿಮೀಟರ್. ನೀರಾವಿಯ 47 ಕಳೆದರೆ ಉಳಿಯುವುದು 2233. ಅದರ ಶೇ. 4 ಎಂದರೆ 89 ಮಿಲಿಮೀಟರ್. ಅವನಿಗೆ ಹಾಯೆನಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಇರಬಹುದು ಎಂದುಕೊಳ್ಳುತ್ತಾನೆ. ಅದೇ ಗಾಳಿಯೊಡನೆ ಮೇಲ್ಮೈಗೆ ಬಂದರೆ? 760ರಲ್ಲಿ 47 ಕಳೆದು 713, ಅದರ ಶೇ. 4 ಕೇವಲ 28 ಮಿಲಿಮೀಟರ್. ಸುಮಾರು 30ರ ಕೆಳಗೆ ಪ್ರಜ್ಞೆ ಉಳಿಯುವುದು ಕಷ್ಟ. ಏರುತ್ತಿರುವಾಗ ರಕ್ತದಿಂದ ಆಕ್ಸಿಜನ್ ಹಿಂದಿರುಗಿ ಶ್ವಾಸಕೋಶಕ್ಕೇ ಹರಿಯಲೂಬಹುದು. ಆಳ ಕೊಟ್ಟ ಸಾಲವನ್ನು ಮೇಲ್ಮೈ ಒಂದೇ ಕಂತಿನಲ್ಲಿ ವಸೂಲು ಮಾಡುತ್ತದೆ.

ಒತ್ತಡ ಅರ್ಧಕ್ಕಿಳಿಯುವುದು ಕೊನೆಯ 10 ಮೀಟರಿನಲ್ಲೇ. ಆದ್ದರಿಂದಲೇ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಏರುವಿಕೆಯ ಈ ಕೊನೆಯ ಹಂತದಲ್ಲಿ, ಅಥವಾ ಮೇಲೆ ಬಂದು ಒಂದೆರಡು ಉಸಿರೆಳೆದ ಮೇಲೆ. ಹೊಸ ಆಕ್ಸಿಜನ್ ಶ್ವಾಸಕೋಶದಿಂದ ಮಿದುಳಿಗೆ ತಲುಪಲು ಕೆಲವು ಸೆಕೆಂಡ್ ಬೇಕಷ್ಟೆ. ಕೈಗೆಟುಕುವ ದೂರದಲ್ಲಿ ಒಬ್ಬನಿದ್ದು ಮುಖವನ್ನು ನೀರಿನ ಮೇಲೆ ಹಿಡಿದರೆ ಇಂಥವರಲ್ಲಿ ಹೆಚ್ಚಿನವರು ಬೇಗನೆ ಚೇತರಿಸಿಕೊಳ್ಳುತ್ತಾರೆ. ಯಾರೂ ಇಲ್ಲದಿದ್ದರೆ ಮೊದಲ ಉಸಿರಿಗೇ ನೀರು ಒಳಹೋಗುತ್ತದೆ. ಮನ್ನಾರಿನ ಮುತ್ತುಗಾರ ಬದುಕಿ ಬರುತ್ತಿದ್ದುದು ಹಗ್ಗ ಹಿಡಿದ ಆ ಕೈಯಿಂದ.

ವಿಶ್ರಾಂತಿಯ ಪಾಠ

ಪೆಸಿಫಿಕ್ ಸಾಗರದ ಟುವಾಮೋಟು ದ್ವೀಪಗಳ ಮುತ್ತಿನ ಚಿಪ್ಪುಗಾರರಲ್ಲಿ ‘ತಾರಾವಾನ’ ಎಂಬ ಕಾಯಿಲೆ ಇತ್ತು. ಇ.ಆರ್. ಕ್ರಾಸ್ ಇದನ್ನು 1965ರಲ್ಲಿ ವರದಿ ಮಾಡಿದ. 30 ಮೀಟರಿಗೂ ಹೆಚ್ಚು ಆಳಕ್ಕೆ ಗಂಟೆಗೆ ಹತ್ತಾರು ಸಲದಂತೆ ದಿನವಿಡೀ ಮುಳುಗುವವರಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಪಾರ್ಶ್ವವಾಯು ಬರುತ್ತಿತ್ತು. ಕೆಲವರು ಸಾಯುತ್ತಲೂ ಇದ್ದರು. ನೆರೆಯ ಮಾಂಗರೇವಾ ದ್ವೀಪದವರು ಪ್ರತಿ ಮುಳುಗಿನ ನಂತರ ಹತ್ತು ನಿಮಿಷಕ್ಕೂ ಹೆಚ್ಚು ವಿಶ್ರಮಿಸುತ್ತಿದ್ದರು. ಅವರಿಗೆ ಈ ಕಾಯಿಲೆ ಇರಲಿಲ್ಲ. ಡೆನ್ಮಾರ್ಕಿನ ನೌಕಾಪಡೆಯ ವೈದ್ಯ ಪಾಲೆವ್ 20 ಮೀಟರಿನ ತೊಟ್ಟಿಯಲ್ಲಿ ತಾನೇ ಪದೇ ಪದೇ ಮುಳುಗಿ ಇಂಥ ಲಕ್ಷಣಗಳಿಗೆ ಗುರಿಯಾದ. ಒಂದೊಂದು ಮುಳುಗಿನಲ್ಲೂ ಚೂರುಪಾರು ನೈಟ್ರೊಜನ್ ರಕ್ತದಲ್ಲಿ ಕರಗುತ್ತದೆ. ಅದು ಹೊರಹೋಗುವ ಮೊದಲೇ ಮತ್ತೆ ಮುಳುಗಿದರೆ ಕೂಡುತ್ತ ಹೋಗಿ ಗುಳ್ಳೆಗಳಾಗುತ್ತದೆ.

ನಿಯಮಗಳು, ಅವುಗಳ ಹಿಂದಿನ ಕಾರಣ

ಇಂದು ಈಟಿ ಬೇಟೆಗಾರರಿಗೂ ಮುಕ್ತ ಮುಳುಗಿನ ಕ್ರೀಡಾಪಟುಗಳಿಗೂ ಕಲಿಸುವ ನಿಯಮಗಳು ಈ ಚರಿತ್ರೆಯಿಂದಲೇ ಬಂದಿವೆ. ಒಂದೊಂದರ ಹಿಂದೆಯೂ ಯಾರದೋ ಜೀವವಿದೆ.

ಒಬ್ಬ ಕೆಳಗೆ, ಒಬ್ಬ ಮೇಲೆ. ಇಬ್ಬರೂ ಒಟ್ಟಿಗೆ ಮುಳುಗಬಾರದು. ಮೇಲಿರುವವನು ಜೊತೆಗಾರನಿಂದ ಕಣ್ಣು ತೆಗೆಯಬಾರದು. ಅವನು ಮೇಲೆ ಬಂದ ಮೇಲೂ ಕನಿಷ್ಠ ಅರ್ಧ ನಿಮಿಷ ಪಕ್ಕದಲ್ಲೇ ಇರಬೇಕು.

ಮುಳುಗುವ ಮುನ್ನ ಬೇಗಬೇಗ ಉಸಿರಾಡಬಾರದು. ಸಹಜವಾಗಿ ಉಸಿರಾಡಿ ಕೊನೆಯದೊಂದು ದೀರ್ಘ ಉಸಿರೆಳೆದರೆ ಸಾಕು. ಬಾಯಿಯ ಸ್ನಾರ್ಕೆಲ್ ಕೊಳವೆಯನ್ನು ಮುಳುಗುವಾಗ ತೆಗೆದುಬಿಡಬೇಕು, ಇಲ್ಲವಾದರೆ ಪ್ರಜ್ಞೆ ತಪ್ಪಿದಾಗ ಅದೇ ನೀರಿಗೆ ದಾರಿಯಾಗುತ್ತದೆ.

ಮುಳುಗಿದ ಸಮಯದ ಕನಿಷ್ಠ ಎರಡರಷ್ಟು ಹೊತ್ತು ಮೇಲೆ ವಿಶ್ರಮಿಸಬೇಕು. ಆಳ ಹೆಚ್ಚಿದಂತೆ ಇನ್ನೂ ಹೆಚ್ಚು.

ಸೊಂಟದ ಸೀಸದ ಪಟ್ಟಿ ಅಳತೆ ಮೀರಬಾರದು. ನಿಯೋಪ್ರೀನ್ ಉಡುಪು ತೇಲಿಸುತ್ತದೆಂದು ಪಟ್ಟಿ ಕಟ್ಟುತ್ತಾರೆ. ಆದರೆ ಆಳದಲ್ಲಿ ಉಡುಪು ಹಿಂಡಿಹೋಗಿ ತೇಲುವ ಗುಣ ಕಡಿಮೆಯಾಗುತ್ತದೆ, ಸೀಸದ ಭಾರ ಅಷ್ಟೇ ಇರುತ್ತದೆ. ಅಪಾಯದ ಕೊನೆಯ 10 ಮೀಟರಿನಲ್ಲಿ ದೇಹ ತಾನಾಗಿ ತೇಲುವಂತಿರಬೇಕು. ಪಟ್ಟಿಯ ಕೊಂಡಿ ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು.

ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೃದುವಾಗಿ ಊದಿ ಒತ್ತಡ ಸರಿಪಡಿಸಬೇಕು. ಇಟಲಿಯ ಅಂಗರಚನಾ ವಿಜ್ಞಾನಿ ವಾಲ್ಸಾಲ್ವಾ 1704ರಲ್ಲಿ ವಿವರಿಸಿದ ವಿಧಾನವಿದು. ಸರಿಹೋಗದಿದ್ದರೆ ಮೇಲೆ ಬರಬೇಕು. ನೆಗಡಿಯಿದ್ದ ದಿನ ಮುಳುಗಬಾರದು.

ಈಟಿಬಂದೂಕಿನ ರಬ್ಬರನ್ನು ನೀರಿನಲ್ಲೇ ಎಳೆದು ಸಿಕ್ಕಿಸಬೇಕು, ನೀರಿನಲ್ಲೇ ಬಿಚ್ಚಬೇಕು. ದೋಣಿಯಲ್ಲಿ, ದಡದಲ್ಲಿ ಅದು ಖಾಲಿಯಿರಬೇಕು. ನೀರು ಕಲಕಿದ್ದರೆ, ಜೊತೆಗಾರ ಕಾಣದಿದ್ದರೆ ಕುದುರೆಯ ಮೇಲೆ ಬೆರಳಿಡಬಾರದು. ದೋಣಿಗಳಿಗೆ ಕಾಣುವಂತೆ ಬಾವುಟವಿರುವ ತೇಲುಬುಂಡೆ ಜೊತೆಗಿರಬೇಕು.

ಹಿಡಿದ ಮೀನನ್ನು ಮೈಗೆ ಕಟ್ಟಿಕೊಳ್ಳಬಾರದು. ಆಸ್ಟ್ರೇಲಿಯದ ಈಟಿ ಬೇಟೆಗಾರ ರಾಡ್ನಿ ಫಾಕ್ಸ್ ಮೇಲೆ 1963ರ ಡಿಸೆಂಬರಿನಲ್ಲಿ ಸ್ಪರ್ಧೆಯ ನಡುವೆ ಬಿಳಿ ಶಾರ್ಕ್ ಎರಗಿತು. ಮೀನು ಕಟ್ಟಿದ್ದ ತೇಲುಬುಂಡೆಯ ಹಗ್ಗ ಅವನ ಸೊಂಟಕ್ಕಿತ್ತು. ಶಾರ್ಕ್ ಬುಂಡೆಯನ್ನು ಹಿಡಿದಾಗ ಅವನೂ ನೀರಿನಡಿಗೆ ಸೆಳೆಯಲ್ಪಟ್ಟ. ಹಗ್ಗ ತುಂಡಾದ್ದರಿಂದ ಬದುಕಿದ. ಅವನಿಗೆ 462 ಹೊಲಿಗೆ ಬಿದ್ದವು. ಮುಂದೆ ಅವನೇ ಶಾರ್ಕ್‌ಗಳ ರಕ್ಷಣೆಗಾಗಿ ಮಾತನಾಡಿದ ಎಂಬುದು ವಿಶೇಷ.

ಮೀನಿನ ಕಡೆಯಿಂದಲೂ ಒಂದು ನಿಯಮವಿದೆ. ಮೆಡಿಟರೇನಿಯನ್ನಿನ ದೊಡ್ಡ ಗ್ರೂಪರ್ ಮೀನು ಮೊದಲು ಹೆಣ್ಣಾಗಿದ್ದು ದೊಡ್ಡದಾದ ಮೇಲೆ ಗಂಡಾಗುತ್ತದೆ. ಬೇಟೆಗಾರರು ಅತಿ ದೊಡ್ಡದನ್ನೇ ಆರಿಸಿ ಹೊಡೆದಾಗ ಗಂಡುಗಳೇ ಇಲ್ಲವಾದವು. ಫ್ರಾನ್ಸ್ 1993ರಲ್ಲಿ ತನ್ನ ಮೆಡಿಟರೇನಿಯನ್ ತೀರದಲ್ಲಿ ಇದರ ಈಟಿ ಬೇಟೆಯನ್ನು ನಿಷೇಧಿಸಿತು. ಆ ನಂತರ ಸಂಖ್ಯೆ ಚೇತರಿಸಿಕೊಂಡಿತು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿಯೂ ದೈತ್ಯ ಗ್ರೂಪರ್, ಕಡಲಕುದುರೆ, ಹವಳ ಮುಂತಾದವು ಸೇರಿವೆ.

ನಮ್ಮ ಕೆರೆಯ ದಡದಲ್ಲಿ

ಇದೆಲ್ಲ ದೂರದ ಕಡಲಿನ ಮಾತು, ನನಗೇನು ಎಂದು ನಿಮಗೆ ಅನಿಸಬಹುದು. ಬೇಸಿಗೆ ರಜೆಯಲ್ಲಿ ಊರ ಬಾವಿಯಲ್ಲಿ, ಕೆರೆಯಲ್ಲಿ, ನಗರದ ಈಜುಕೊಳದಲ್ಲಿ ಹುಡುಗರು ಆಡುವ ಆಟ ನೋಡಿ. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ, ಯಾರು ಒಂದೇ ಉಸಿರಿಗೆ ಆಚೆ ದಡ ಮುಟ್ಟುತ್ತಾರೆ? ಮುಳುಗುವ ಮುನ್ನ ಬುಸುಬುಸು ಉಸಿರಾಡಿದರೆ ಗೆಲ್ಲಬಹುದೆಂದು ಯಾರೋ ಹೇಳಿಕೊಟ್ಟಿರುತ್ತಾರೆ. ಕ್ರೇಗ್ ಕಲೆಹಾಕಿದ ಪ್ರಕರಣಗಳಲ್ಲಿ ಇದ್ದುದೂ ಇದೇ ಆಟ. ಇಂಥ ಪಂದ್ಯ ಬೇಡವೆಂದು ಮಕ್ಕಳಿಗೆ ಹೇಳಿ, ಏಕೆ ಬೇಡವೆಂಬುದನ್ನೂ ವಿವರಿಸಿ. ನೀರಿನೊಳಗೆ ಅಲುಗಾಡದೆ ಇರುವ ಹುಡುಗ ಗೆಲ್ಲುತ್ತಿದ್ದಾನೆಂದು ಕಾಯುತ್ತ ನಿಲ್ಲಬೇಡಿ.

ಯಾರಾದರೂ ಪ್ರಜ್ಞೆ ತಪ್ಪಿದರೆ ತಕ್ಷಣ ಮುಖವನ್ನು ನೀರಿನ ಮೇಲೆತ್ತಿ, ಹೊರಗೆ ತನ್ನಿ. ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಸಮಯ ಹಾಳು, ಅಪಾಯವೂ ಹೆಚ್ಚು. ಉಸಿರಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ನಂತರ ಎದೆ ಒತ್ತುವುದನ್ನು ಸೇರಿಸಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ.

ಭಟ್ಕಳದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಉಪಕರಣದೊಡನೆ ಇಳಿಯುವವರು ಇನ್ನೊಂದು ಮಾತು ನೆನಪಿಡಬೇಕು. ಅಲ್ಲಿ ನಿಯಮ ತಿರುವುಮುರುವು. ಆಳದಲ್ಲಿ ಒತ್ತಡದ ಗಾಳಿ ಸೇವಿಸಿ, ಉಸಿರು ಬಿಗಿಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಸ್ಕೂಬಾದಲ್ಲಿ ಉಸಿರನ್ನು ಎಂದಿಗೂ ಹಿಡಿಯಬಾರದು.

ರಷ್ಯದ ನತಾಲಿಯಾ ಮೋಲ್ಚನೋವಾ ನೀರಿನಲ್ಲಿ ಅಲುಗದೆ 9 ನಿಮಿಷ 2 ಸೆಕೆಂಡ್ ಉಸಿರು ಹಿಡಿದು 2013ರಲ್ಲಿ ಮಹಿಳೆಯರ ವಿಶ್ವದಾಖಲೆ ಮಾಡಿದ್ದಳು. 100 ಮೀಟರ್ ಆಳವನ್ನು ಸ್ವಂತ ಬಲದಿಂದ ದಾಟಿ ಬಂದವಳು ಅವಳು. 2015ರ ಆಗಸ್ಟ್ 2ರಂದು ಸ್ಪೇನಿನ ಫೋರ್ಮೆಂತೆರಾ ದ್ವೀಪದ ಬಳಿ, ಸ್ಪರ್ಧೆಯಿಲ್ಲದೆ, ಅವಳ ಮಟ್ಟಿಗೆ ಸಾಧಾರಣವಾದ 30–40 ಮೀಟರಿನ ಮುಳುಗಿಗೆ ಇಳಿದವಳು ಮೇಲೆ ಬರಲಿಲ್ಲ. ಅಷ್ಟು ಬಲ್ಲವಳಿಗೇ ಹೀಗಾದ ಮೇಲೆ ಅನುಭವವೊಂದನ್ನೇ ನಂಬಿ ನೀರಿಗಿಳಿಯುವಂತಿಲ್ಲ. ಕನ್ನಡಕ, ರೆಕ್ಕೆ, ಬಂದೂಕು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಮೇಲೆ ನಿಂತು ಕಾಯುವ ಕೈಯನ್ನು ಮಾತ್ರ ನಾವೇ ಕರೆದುಕೊಂಡು ಹೋಗಬೇಕು. ಮುಂದಿನ ಸಲ ನೀವು ನೀರಿಗಿಳಿಯುವಾಗ, ನಿಮ್ಮ ಮಕ್ಕಳನ್ನು ಇಳಿಸುವಾಗ, ಆ ಕೈ ಯಾರದೆಂದು ಮೊದಲು ನೋಡಿಕೊಳ್ಳಿ.